ಹಳೆಯದೋ ಹೊಸದೋ: ಮೇಣದ ಬಿಲ್ಲೆಗಳ ಜೊತೆ ನನ್ನ ಕೆಲಸ

ಮೂವತ್ತೊಂದು ವರ್ಷ ನಾನು ಹೊನ್ನಾವರದ ಒಂದು ಖಾಸಗಿ ಲ್ಯಾಬಿನಲ್ಲಿ ಮನುಷ್ಯರ ಮಾಂಸದ ತುಂಡುಗಳನ್ನು ಮೇಣದಲ್ಲಿ ಕೂರಿಸಿ, ಹಪ್ಪಳಕ್ಕಿಂತ ಎಷ್ಟೋ ಪಾಲು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವ ಕೆಲಸ ಮಾಡಿದೆ. ಮದುವೆ ಮನೆಯಲ್ಲಿ ಯಾರಾದರೂ ಎಂತ ಕೆಲಸ ಅಂತ ಕೇಳಿದರೆ ‘ಲ್ಯಾಬು’ ಎನ್ನುತ್ತಿದ್ದೆ. ಅವರು ಕೂಡಲೇ ತಮ್ಮ ಸಕ್ಕರೆ ಕಾಯಿಲೆಯ ವರದಿ ಒಪ್ಪಿಸಲು ಶುರು ಮಾಡುತ್ತಿದ್ದರು. ನನಗೂ ಸಕ್ಕರೆಗೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರೆ, ಪಾಪ, ಅವರ ಎಲೆಯ ಮೇಲಿನ ಊಟ ಹಾಗೇ ಉಳಿಯುತ್ತಿತ್ತು. ಆದ್ದರಿಂದ ಹೂಂಗುಟ್ಟುವುದನ್ನು ಕಲಿತೆ.

ಕಳೆದ ತಿಂಗಳು ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಕುಮಟೆಯ ನಮ್ಮ ಮನೆಗೆ ಬಂದಿದ್ದರು. ‘ಮೇಡಂ, ಒಬ್ಬರಿಗೇ ಎರಡೆರಡು ಕ್ಯಾನ್ಸರ್ ಬಂದ ಕೇಸು ಬಂದ್ರೆ ನಮ್ಮ ಕೆಲಸ ಎಂತ?’ ಎಂದು ಕೇಳಿದರು. ಉತ್ತರ ಹೇಳುತ್ತಾ ಹೋದರೆ ಮಧ್ಯಾಹ್ನದ ಊಟದ ಹೊತ್ತಾಯಿತು, ಊಟವಾಗಿ ಚಹಾದ ಹೊತ್ತಾಯಿತು, ಅವರ ಬಸ್ಸಿನ ಹೊತ್ತೂ ಆಯಿತು. ಬಾಕಿ ಉಳಿದದ್ದನ್ನು ಬರೆದಿಡುತ್ತೇನೆ ಎಂದು ಮಾತು ಕೊಟ್ಟು ಕಳಿಸಿದೆ. ಇದು ಅದೇ.

ನಾನು ಸೇರಿದಾಗ ಭಟ್ಕಳದಿಂದ ಕುಮಟೆಯವರೆಗಿನ ಆಸ್ಪತ್ರೆಗಳಿಂದ ತುಂಡುಗಳು ಬಸ್ಸಿನಲ್ಲಿ ಬರುತ್ತಿದ್ದವು. ಡಬ್ಬಿಯನ್ನು ಕಂಡಕ್ಟರನ ಕೈಗೆ ಕೊಟ್ಟು ‘ಹೊನ್ನಾವರ ಸ್ಟ್ಯಾಂಡಲ್ಲಿ ಬಂದು ತಗೊಳ್ತಾರೆ’ ಎಂದರೆ ಆಯಿತು. ಡಬ್ಬಿ ಎಂದರೆ ಯಾವ ಡಬ್ಬಿಯಾದರೂ ಸರಿ. ಬೋರ್ನ್‌ವೀಟಾ, ಔಷಧಿ, ಜೇನು. ಒಮ್ಮೆ ಭಟ್ಕಳದ ಒಂದು ನರ್ಸಿಂಗ್ ಹೋಮಿನ ಕಂಪೌಂಡರ್ ಯಾರೋ ರೋಗಿಯ ಪಿತ್ತಕೋಶವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಕಳಿಸಿದ. ಬಾಟಲಿ ತೊಳೆದಿದ್ದೇನೆ ಎಂದು ಆಣೆ ಹಾಕಿದ. ತೊಳೆದಿದ್ದನೋ ಏನೋ, ಮುಚ್ಚಳ ತೆಗೆದ ಕೂಡಲೇ ಅಪ್ಪೆಮಿಡಿಯ ಪರಿಮಳ ಇಡೀ ಕೋಣೆಗೆ ಹರಡಿತು. ಅದಾದ ಮೇಲೆ ಒಂದು ವರ್ಷ ನಾನು ಉಪ್ಪಿನಕಾಯಿ ಮುಟ್ಟಲಿಲ್ಲ.

ನಮ್ಮ ಡಾಕ್ಟರು ವಾಮನ ರಾವ್. ತೆಳ್ಳಗೆ, ಉದ್ದಕ್ಕೆ, ಸದಾ ಅರ್ಧ ತೋಳಿನ ಬಿಳಿ ಅಂಗಿ. ಸೂಕ್ಷ್ಮದರ್ಶಕದ ಮುಂದೆ ಕೂತರೆ ಪಕ್ಕದಲ್ಲಿ ಬಾಂಬು ಬಿದ್ದರೂ ಕತ್ತೆತ್ತುವವರಲ್ಲ. ಅವರ ಎರಡು ಪದ್ಧತಿಗಳು ನನಗೆ ಮೊದಲು ತಲೆನೋವು, ಆಮೇಲೆ ವೇದವಾಕ್ಯವಾದವು. ಒಂದು, ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯಬೇಕು. ಪೆನ್ನಿನ ಶಾಯಿ ನಮ್ಮ ದ್ರಾವಣಗಳಲ್ಲಿ ಕರಗಿ ಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಎರಡು, ಗಾಜನ್ನು ನೋಡುವಾಗ ರೋಗಿಯ ವಿವರ ಬರೆದ ಅರ್ಜಿಯನ್ನು ಬೋರಲು ಇಡಬೇಕು. ಮೊದಲು ಜೀವಕೋಶ ನೋಡುವುದು, ಆಮೇಲೆ ಅರ್ಜಿ ಮಗುಚಿ ಓದುವುದು.

‘ಅರ್ಜಿ ಮೊದಲೇ ಓದಿದ್ರೆ ಎಂತ ಆಗ್ತದೆ ಡಾಕ್ಟ್ರೇ?’ ಎಂದು ಸೇರಿದ ಹೊಸತರಲ್ಲಿ ಕೇಳಿದ್ದೆ.

‘ಹಳೇ ಕೇಸು ಅಂತ ಬರ್ದಿದ್ರೆ ಕಣ್ಣಿಗೂ ಹಳೇದೇ ಕಾಣ್ತದೆ ಲಲಿತಾ. ಕಣ್ಣು ಬಹಳ ಸೋಮಾರಿ.’

ಈ ಮಾತು ನನಗೆ ಅರ್ಥವಾಗಲು ನಾನೇ ಒಂದು ಪೆದ್ದುತನ ಮಾಡಬೇಕಾಯಿತು. ಭಟ್ಕಳದ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಜಟ್ಟಪ್ಪ ಎಂಬವರಿದ್ದರು. ಬಾಯಿಯೊಳಗೆ ಕೆನ್ನೆಯ ಕ್ಯಾನ್ಸರ್ ಆಗಿ ಆಪರೇಶನ್ ಆಗಿತ್ತು. ಐದಾರು ವರ್ಷದ ಮೇಲೆ ಅದೇ ಜಟ್ಟಪ್ಪನ ಹೆಸರಲ್ಲಿ ಅನ್ನನಾಳದ ತುಂಡು ಬಂತು. ಅದರಲ್ಲೂ ಕ್ಯಾನ್ಸರ್. ಒಬ್ಬ ಮನುಷ್ಯನಿಗೆ ಒಂದು ಸಲ ಬರುವುದೇ ಹೆಚ್ಚು, ಇನ್ನೊಂದು ಎಲ್ಲಿಂದ ಬಂತು? ನಾನೇ ಯಾರದೋ ತುಂಡಿಗೆ ಯಾರದೋ ಹೆಸರು ಹಾಕಿದ್ದೇನೆ ಎಂದು ಖಾತ್ರಿಯಾಗಿ ಹೋಯಿತು. ಆ ದಿನದ ಎಲ್ಲ ತುಂಡುಗಳನ್ನೂ ಮೇಜಿನ ಮೇಲೆ ಹರವಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಡಾಕ್ಟರ ಹತ್ತಿರ ಹೋಗಿ ‘ಅದಲು ಬದಲು ಮಾಡಿಬಿಟ್ಟೆ’ ಎಂದು ಒಪ್ಪಿಸಿದೆ.

ಡಾಕ್ಟರು ಎರಡೂ ಗಾಜು ನೋಡಿ ನಕ್ಕುಬಿಟ್ಟರು. ‘ನೀನು ಎಂತ ಅದಲು ಬದಲು ಮಾಡಲಿಲ್ಲ. ಈ ಮನುಷ್ಯ ನಲ್ವತ್ತು ವರ್ಷ ತಂಬಾಕು ಹಾಕಿ ಎಲೆಯಡಿಕೆ ಕವಳ ತಿಂದಿದ್ದಾನೆ. ಆ ರಸ ಬಾಯಲ್ಲೇ ನಿಲ್ತದ್ಯಾ? ಬಾಯಿಂದ ಹೊಟ್ಟೆವರೆಗಿನ ದಾರಿಗೆಲ್ಲ ಬಳ್ಕೊಂಡು ಹೋಗಿದೆ. ಒಂದು ಕಡೆ ಮೊದ್ಲು ಎದ್ದಿತು, ಇನ್ನೊಂದು ಕಡೆ ಈಗ ಎದ್ದಿದೆ. ಇದು ಅದರ ಮರಿಯಲ್ಲ, ಬೇರೆಯೇ.’

ನಮ್ಮ ಕೆಲಸದ ಮುಖ್ಯ ಪ್ರಶ್ನೆ ಅಂದು ತಿಳಿಯಿತು. ಒಮ್ಮೆ ಕ್ಯಾನ್ಸರ್ ಬಂದವರಿಗೆ ಮತ್ತೊಂದು ಗಂಟು ಕಂಡರೆ, ಅದು ಹಳೆಯದೇ ಹರಡಿದ್ದೋ, ಅಥವಾ ತಾನೇ ತಾನಾಗಿ ಹುಟ್ಟಿದ ಹೊಸದೋ? ಕೇಳುವವರಿಗೆ ಎರಡೂ ಒಂದೇ ಕೆಟ್ಟ ಸುದ್ದಿ. ಆದರೆ ಹಳೆಯದು ಹರಡಿದೆ ಎಂದರೆ ಬಹಳ ಸಲ ಚಾಕು ಕೆಳಗಿಟ್ಟುಬಿಡುತ್ತಾರೆ. ಹೊಸದು, ಒಂದೇ ಕಡೆ ಇದೆ ಎಂದರೆ ಕೊಯ್ದು ತೆಗೆಯಬಹುದು. ಜಟ್ಟಪ್ಪನವರಿಗೆ ಮಾತ್ರ ಈ ಸೂಕ್ಷ್ಮವೆಲ್ಲ ಬೇಡವಾಗಿತ್ತು. ರಿಪೋರ್ಟು ತಗೊಳ್ಳಲು ಬಂದವರು ‘ಒಂದು ರಿಪೇರಿ ಮಾಡಿದ್ರೆ ಇನ್ನೊಂದು ಕಡೆ ಲೀಕು. ನಮ್ಮ ಬೋಟಿಗೂ ನಂಗೂ ಎಂತ ವ್ಯತ್ಯಾಸ ಇಲ್ಲ’ ಎಂದು ಹೇಳಿ, ಜೇಬಿನಿಂದ ಕವಳದ ಚೀಲ ತೆಗೆದರು. ನಾನು ಕಣ್ಣು ಬಿಟ್ಟದ್ದು ನೋಡಿ ಮತ್ತೆ ಒಳಗಿಟ್ಟರು. ಹೊರಗೆ ಹೋಗಿ ಹಾಕಿಕೊಂಡಿರುತ್ತಾರೆ, ನನಗೆ ಗೊತ್ತು.

ಎಲ್ಲ ಎರಡನೆಯದಕ್ಕೂ ತಂಬಾಕೇ ಕಾರಣವಲ್ಲ. ಕೆಲವು ಮನೆತನದಲ್ಲೇ ಬರುತ್ತವೆ. ಕುಮಟೆ ಕಡೆಯ ಒಂದು ತೋಟದ ಮನೆಯ ಹೆಂಗಸಿಗೆ ಮೊದಲು ಸ್ತನದಲ್ಲಿ, ಆಮೇಲೆ ಅಂಡಾಶಯದಲ್ಲಿ ಬಂದಾಗ ಡಾಕ್ಟರು ನನ್ನನ್ನು ಕರೆದು, ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತೋ ಕೇಳಿ ವಂಶವೃಕ್ಷ ಬರೆಯಲು ಹೇಳಿದರು. ಜೊತೆಗೆ ಬಂದ ಅತ್ತೆಯವರನ್ನು ಕೂರಿಸಿಕೊಂಡೆ.

‘ನಮ್ಮನೇಲಿ ಅಂಥದ್ದು ಯಾರಿಗೂ ಇಲ್ಲೆ’ ಎಂದು ಮೊದಲ ವಾಕ್ಯದಲ್ಲೇ ಬಾಗಿಲು ಹಾಕಿದರು.

‘ಸೊಸೆಯ ತವರಲ್ಲಿ?’

‘ಅಲ್ಲೂ ಇಲ್ಲೆ. ಅವಳ ದೊಡ್ಡಮ್ಮಂಗೆ ಹೊಟ್ಟೇಲಿ ಗೆಡ್ಡೆ ಇದ್ದಿತ್ತು, ಅದರಲ್ಲೇ ಹೋತು. ಅದು ಲೆಕ್ಕಕ್ಕಿಲ್ಲೆ.’

‘ಅದೇ ಅಮ್ಮ ಲೆಕ್ಕಕ್ಕೆ ಬೇಕಾದ್ದು!’

ಆಮೇಲೆ ಅಣೆಕಟ್ಟು ಒಡೆಯಿತು. ದೊಡ್ಡಮ್ಮ, ಅಜ್ಜಿ, ಅಜ್ಜಿಯ ತಂಗಿ ಎಲ್ಲರೂ ಬಂದರು. ಜೊತೆಗೆ ಯಾರ ಮದುವೆಗೆ ಯಾರು ಬರಲಿಲ್ಲ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಅದೂ ಬಂತು. ಒಂದು ಹಾಳೆ ಸಾಲದೆ ಇನ್ನೊಂದು ತಗೊಂಡೆ. ಆ ಹಾಳೆಯಿಂದಾಗಿ ಆ ಸೊಸೆಯ ತಂಗಿ ಮುಂಚೆಯೇ ತಪಾಸಣೆ ಮಾಡಿಸಿಕೊಂಡಳು. ಹುಡುಗಿಯರೇ, ಕೌಂಟರಿನಲ್ಲಿ ಕೂತು ಮಾತು ಕೇಳುವುದನ್ನು ಸಣ್ಣ ಕೆಲಸ ಎಂದುಕೊಳ್ಳಬೇಡಿ.

ಈಗ ನಾನು ಹೇಳಲೇಬೇಕಾದ ಕೇಸಿಗೆ ಬರುತ್ತೇನೆ. ಇದರಲ್ಲಿ ನನ್ನದೇ ಒಂದು ದೊಡ್ಡ ತಪ್ಪಿದೆ. ಅದನ್ನು ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಅದು ನನ್ನ ನೌಕರಿಯ ಕೊನೆಯ ವರ್ಷ. ಒಂದು ಸೋಮವಾರ ಬೆಳಿಗ್ಗೆ ಶಿರಾಲಿಯಿಂದ ಗಂಡ ಹೆಂಡತಿ ಬಂದರು. ಗಂಡ ಈಶ್ವರ ನಾಯ್ಕ, ಆಟೋ ಓಡಿಸುವವರು. ಹೆಂಡತಿ ಮಾದೇವಿ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಐವತ್ತರ ಆಸುಪಾಸು. ದಿನವಿಡೀ ಶಾಲೆಯಲ್ಲಿದ್ದು ಅಭ್ಯಾಸವಾಗಿ ನನ್ನನ್ನೂ ಟೀಚರಮ್ಮಂದಿರನ್ನು ಕರೆಯುವ ಹಾಗೆ ‘ಅಕ್ಕೋರೆ’ ಎಂದೇ ಕರೆದಳು.

ಹನ್ನೊಂದು ಹನ್ನೆರಡು ವರ್ಷದ ಹಿಂದೆ ಅವಳ ಎಡ ಸ್ತನದಲ್ಲಿ ಕ್ಯಾನ್ಸರ್ ಆಗಿ ಆಪರೇಶನ್ ಆಗಿತ್ತು. ಔಷಧಿಯೂ ಆಗಿ, ಪೂರ್ತಿ ಗುಣವಾಗಿತ್ತು. ಈಗ ಕೆಮ್ಮು ಎಂದು ಹೋದರೆ ಶ್ವಾಸಕೋಶದಲ್ಲಿ ಒಂದು ಗಂಟು. ಊರ ಕಡೆಯ ಡಾಕ್ಟರೊಬ್ಬರು ಫಿಲ್ಮ್ ನೋಡಿ, ಹಳೆಯದೇ ಹಬ್ಬಿದೆ, ಇನ್ನು ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರಂತೆ. ಮಂಗಳೂರಿನ ಡಾಕ್ಟರು ಮಾತ್ರ ಹಾಗೆ ಬಿಡಲಿಲ್ಲ. ಸೂಜಿ ಹಾಕಿ ತುಂಡು ತೆಗೆದರು. ‘ಗಂಟು ಒಂದೇ ಇದೆ. ಇದು ಹೊಸದಾಗಿದ್ದರೆ ತೆಗೆದುಬಿಡಬಹುದು. ಹಳೆಯದಾಗಿದ್ದರೆ ಎದೆ ಕೊಯ್ದು ಪ್ರಯೋಜನವಿಲ್ಲ. ಹಳೆಯ ಬ್ಲಾಕ್ ತನ್ನಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮುಂದಿನ ವಾರ ಗುರುವಾರ ನಾವೆಲ್ಲ ಕೂತು ತೀರ್ಮಾನ ಮಾಡುತ್ತೇವೆ’ ಎಂದಿದ್ದರು.

ಬ್ಲಾಕ್ ಎಂದರೆ ತುಂಡನ್ನು ಕೂರಿಸಿದ ಮೇಣದ ಬಿಲ್ಲೆ. ಗಾಜುಗಳನ್ನು ರೋಗಿಗೆ ಕೊಟ್ಟರೂ ಬ್ಲಾಕ್ ನಮ್ಮಲ್ಲೇ ಉಳಿಯುತ್ತದೆ.

‘ಹಳೇ ರಿಪೋರ್ಟ್ ಕೊಡಿ, ಅದರ ನಂಬರ್ ನೋಡಿ ಹುಡುಕ್ತೇನೆ’ ಎಂದೆ.

ಈಶ್ವರ ನಾಯ್ಕರು ನೆಲ ನೋಡಿದರು. ಮಾದೇವಿ ಗಂಡನನ್ನು ನೋಡಿದಳು.

‘ಹೇಳಿ ನೀವೇ’ ಎಂದಳು.

‘ಅದು ಮೇಡಂ... ಸಮುದ್ರಕ್ಕೆ ಬಿಟ್ಟೆ.’

ಹೊರಗಿನವರಿಗೆ ಇದು ಹುಚ್ಚು ಎನ್ನಿಸಬಹುದು. ನನಗೆ ಆಶ್ಚರ್ಯವಾಗಲಿಲ್ಲ. ದೊಡ್ಡ ಕಾಯಿಲೆ ಗುಣವಾಗಿ, ಹರಕೆ ತೀರಿಸಿದ ಮೇಲೆ ಅದರ ಕಾಗದ ಮನೆಯಲ್ಲಿಡಬಾರದು, ಇಟ್ಟರೆ ಕಾಯಿಲೆಗೆ ಮನೆಯ ದಾರಿ ನೆನಪಿರುತ್ತದೆ ಎಂದು ನಂಬುವ ಕುಟುಂಬಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪ್ರಸಾದದ ಹೂವಿನ ಜೊತೆ ಫೈಲನ್ನೂ ನೀರಿಗೆ ಬಿಡುತ್ತಾರೆ. ಎಕ್ಸ್‌ರೇ, ಗಾಜು, ಡಾಕ್ಟರ ಚೀಟಿ ಎಲ್ಲ ಒಟ್ಟಿಗೆ. ಶರಾವತಿಯ ತಳದಲ್ಲಿ ಹುಡುಕಿದರೆ ನಮ್ಮ ಲ್ಯಾಬಿನ ಅರ್ಧ ದಾಖಲೆ ಸಿಗಬಹುದು ಎಂದು ಡಾಕ್ಟರು ತಮಾಷೆ ಮಾಡುತ್ತಿದ್ದರು. ಆದರೆ ಆ ದಿನ ಈಶ್ವರ ನಾಯ್ಕರ ಮುಖ ನೋಡಿ ನನಗೆ ತಮಾಷೆ ಮಾಡಲು ಬಾಯಿ ಬರಲಿಲ್ಲ.

‘ನನ್ನಿಂದ್ಲೇ ಆದದ್ದು ಇದು. ಅಂವ ಬಿಡುದು ಬೇಡ ಹೇಳ್ದ, ನನ್ನ ಭಾವ. ನಾನೇ ಹಟ ಮಾಡ್ದೆ’ ಎಂದರು.

‘ಔಷಧಿ ಕೊಟ್ಟ ಆಸ್ಪತ್ರೆಯಲ್ಲಿ ಇರ್ಬಹುದಲ್ಲ?’

‘ಅದು ಬಾಗಿಲು ಹಾಕಿ ಎಷ್ಟೋ ವರ್ಷ ಆತು.’

ನಮ್ಮ ಹಳೆಯ ರಿಜಿಸ್ಟರುಗಳಲ್ಲಿ ಎಲ್ಲವೂ ತಾರೀಕಿನ ಪ್ರಕಾರ. ಹೆಸರು ಹಿಡಿದು ಹುಡುಕುವ ಕಂಪ್ಯೂಟರು ಬಂದದ್ದು ಆಮೇಲೆ. ಮಾದೇವಿ ನಾಯ್ಕ ಎಂಬ ಹೆಸರು ಹಿಡಿದು ಹೊರಟರೆ ಶಿರಾಲಿಯಿಂದ ಹೊನ್ನಾವರದವರೆಗೆ ಪ್ರತಿ ಊರಲ್ಲೂ ನಾಲ್ಕು ಜನ ಸಿಗುತ್ತಾರೆ. ಯಾವ ವರ್ಷ, ಯಾವ ತಿಂಗಳು ಎಂದು ಕೇಳಿದೆ. ಗಂಡನಿಗೆ ನೆನಪಿಲ್ಲ. ಆದರೆ ಮಾದೇವಿಗೆ ತನ್ನದೇ ಪಂಚಾಂಗವಿತ್ತು.

‘ಶಾಲೇಲಿ ಸೌದೆ ಒಲೆ ಹೋಗಿ ಗ್ಯಾಸ್ ಬಂತಲ್ಲ, ಅದೇ ವರ್ಷ ಅಕ್ಕೋರೆ. ಶಾಲೆ ಶುರುವಾಗುಕೆ ನಾಲ್ಕು ದಿನ ಇತ್ತು. ಹೊಸ ಗ್ಯಾಸಲ್ಲಿ ಮೊದಲ್ನೇ ದಿನ ಅನ್ನ ಮಾಡುದು ನಾನು ಅಂದ್ಕೊಂಡಿದ್ದೆ. ಅದನ್ನ ಬೇರೆಯವಳು ಮಾಡದ್ಲು. ಅನ್ನ ತಳ ಹಿಡಿತಂತೆ.’

ಅನ್ನ ತಳ ಹಿಡಿದ ಸುದ್ದಿ ಹೇಳುವಾಗ ಅವಳ ಮುಖದಲ್ಲಿ ಸಮಾಧಾನ ಇತ್ತು. ನಾನು ಶಾಲೆಯ ಹೆಡ್‌ಮಾಸ್ತರಿಗೆ ಫೋನ್ ಮಾಡಿಸಿ ಗ್ಯಾಸ್ ಬಂದ ವರ್ಷ ಕೇಳಿ, ಮೇ ತಿಂಗಳ ಕೊನೆಯ ಪುಟಗಳನ್ನು ತೆಗೆದೆ. ಎರಡನೇ ಪುಟದಲ್ಲೇ ಸಿಕ್ಕಿತು. ಮಾದೇವಿ ಈಶ್ವರ ನಾಯ್ಕ, ಶಿರಾಲಿ, ಎಡ ಸ್ತನ. ಈಶ್ವರ ನಾಯ್ಕರು ರಿಜಿಸ್ಟರಿಗೆ ಕೈ ಮುಗಿದರು.

ನಾನು ಮಾತ್ರ ನಂಬರಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಆ ನಂಬರು ಯಾವ ಪೆಟ್ಟಿಗೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ‘ನಾಳೆ ಬನ್ನಿ, ತೆಗೆದಿಡ್ತೇನೆ’ ಎಂದು ಕಳಿಸಿ, ಒಳಗೆ ಹೋಗಿ ನೀರು ಕುಡಿದೆ.

ಎಂಟು ವರ್ಷದ ಹಿಂದೆ ಲ್ಯಾಬಿನ ಗೋಡೆಗೆ ಬಣ್ಣ ಹೊಡೆಸಿದ್ದರು. ಬ್ಲಾಕಿನ ಪೆಟ್ಟಿಗೆಗಳನ್ನೆಲ್ಲ ಅತ್ತಿತ್ತ ಸರಿಸುವಾಗ ಒಂದು ರಟ್ಟಿನ ಪೆಟ್ಟಿಗೆಯನ್ನು, ಎರಡು ನಿಮಿಷಕ್ಕೆಂದು, ಮೇಣ ಕರಗಿಸುವ ಕರೆಂಟಿನ ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಬಣ್ಣದವರು ಏನೋ ಕೇಳಿದರು, ಯಾರೋ ಚಹಾ ತಂದರು. ಒಲೆಯನ್ನು ಆರಿಸಲು ಮರೆತೆ. ಮರುದಿನ ಭಾನುವಾರ. ಸೋಮವಾರ ಬಂದು ನೋಡಿದರೆ ಐವತ್ತು ಬಿಲ್ಲೆಗಳೂ ಮೆತ್ತಗಾಗಿ ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿದ್ದವು. ಡಾಕ್ಟರು ಆ ವಾರ ಊರಲ್ಲಿರಲಿಲ್ಲ. ಬಂದ ಮೇಲೆ ಹೇಳೋಣ ಎಂದುಕೊಂಡೆ. ಬಂದ ಮೇಲೆ, ಅವರ ಮನಸ್ಸು ಚೆನ್ನಾಗಿರುವಾಗ ಹೇಳೋಣ ಎಂದುಕೊಂಡೆ. ಅವರ ಮನಸ್ಸು ಚೆನ್ನಾಗಿದ್ದ ದಿನ, ಇದನ್ನು ಯಾಕೆ ಹಾಳು ಮಾಡುವುದು ಎಂದುಕೊಂಡೆ. ಪೆಟ್ಟಿಗೆಯ ಮೇಲೆ ಪೇಪರು ಮುಚ್ಚಿ ಕಪಾಟಿನ ಕೆಳಗಿನ ಸಾಲಿನ ಹಿಂದೆ ತಳ್ಳಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಮಾದೇವಿಯ ಬಿಲ್ಲೆ ಆ ಗಡ್ಡೆಯೊಳಗೆ ಎಲ್ಲೋ ಇತ್ತು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ತೋಟಗಾರಿಕೆ ಇಲಾಖೆಯಲ್ಲಿದ್ದವರು, ನನ್ನ ಕೆಲಸದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ‘ಸಿಗ್ತಿಲ್ಲೆ ಹೇಳಿ ಹೇಳಿಬಿಡು. ಯಾರಿಗೆ ಗೊತ್ತಾಗ್ತು?’ ಎಂದರು. ಹೇಳಿದ ಕೂಡಲೇ ಅವರಿಗೇ ಸರಿಯೆನ್ನಿಸದೆ ‘ಬೇಡ, ಬೇಡ’ ಎಂದರು. ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಬರುವಾಗ ನನ್ನ ತಲೆಗೂ ಅದೇ ಮಾತು ಬಂದು ಹೋಗಿತ್ತು. ಆ ನಾಚಿಕೆ ಈಗಲೂ ಇದೆ.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಕೂರುವ ಮೊದಲೇ ಪೆಟ್ಟಿಗೆಯನ್ನು ಅವರ ಮೇಜಿನ ಮೇಲಿಟ್ಟು ಪೇಪರು ತೆಗೆದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಇದೆಂತ ಲಲಿತಾ? ಶೇಂಗಾ ಚಿಕ್ಕಿಯಾ?’

ಎಲ್ಲ ಹೇಳಿದೆ. ಶುರುವಿನಿಂದ. 

‘ಎಂಟು ವರ್ಷ?’

‘ಹೌದು ಡಾಕ್ಟ್ರೇ.’

‘ಆ ದಿನ ಹೇಳಿದ್ರೆ ಆ ದಿನವೇ ಬಿಡಿಸಿಡ್ಬಹುದಿತ್ತು. ನಾನು ಅಷ್ಟು ಕೆಟ್ಟವನಾ ನಿಂಗೆ ಹೇಳ್ಲಿಕ್ಕೆ ಆಗದಷ್ಟು?’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಅತ್ತುಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ‘ಬೈಯುದು ಆಮೇಲೆ ಇದೆ. ಈಗ ಚಾಕು ಬಿಸಿ ಮಾಡು’ ಎಂದರು.

ಅಂದು ಮತ್ತು ಮರುದಿನ ನಾವಿಬ್ಬರೂ ಬೇರೆ ಎಲ್ಲ ಕೆಲಸ ಬದಿಗಿಟ್ಟು ಕೂತೆವು. ಎಪ್ಪತ್ತು ದಾಟಿದ ಡಾಕ್ಟರು ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಕೂತು, ಬಿಸಿ ಚಾಕುವಿನಿಂದ ಗಡ್ಡೆಯ ಒಂದೊಂದೇ ಸಂದು ಬಿಡಿಸುತ್ತಿದ್ದರು. ನಾನು ಬಿಡಿಸಿ ಬಂದ ಬಿಲ್ಲೆಯ ಬದಿಯಲ್ಲಿ ಹುದುಗಿದ ಕಾಗದದ ಚೀಟಿ ಓದಿ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದೆ. ಪೆನ್ಸಿಲಿನ ಅಕ್ಷರ ಮೇಣದೊಳಗೆ ನಿನ್ನೆ ಬರೆದ ಹಾಗೆ ಇತ್ತು. ಪೆನ್ನಿನಲ್ಲಿ ಬರೆದಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಹುಡುಗಿಯರೇ, ಈಗ ಯಂತ್ರವೇ ನಂಬರು ಮುದ್ರಿಸಿ ಕೊಡುತ್ತದೆ, ಆದರೂ ನಿಮ್ಮ ಕೋಟಿನ ಜೇಬಿನಲ್ಲಿ ಒಂದು ಪೆನ್ಸಿಲ್ ಇರಲಿ.

ಈಶ್ವರ ನಾಯ್ಕರು ಎರಡೂ ದಿನ ಆಟೋ ಬಾಡಿಗೆ ಬಿಟ್ಟು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದ್ದೆ. ನನ್ನ ಮೇಲೆ ಹಾರಿ ಬೀಳುತ್ತಾರೆ ಎಂದುಕೊಂಡಿದ್ದೆ. ಅವರು ‘ನಾನು ನೀರಿಗೆ ಬಿಟ್ಟೆ, ನೀವು ಬೆಂಕಿ ಮೇಲಿಟ್ರಿ. ಪಾಪ, ಮಾದೇವಿ’ ಎಂದರು. ಆಮೇಲೆ ನಮ್ಮಿಬ್ಬರಿಗೂ ಒಂದು ರೀತಿಯ ದೋಸ್ತಿಯಾಯಿತು. ಗಂಟೆಗೊಮ್ಮೆ ಬಾಗಿಲಲ್ಲಿ ತಲೆ ಹಾಕಿ ‘ಬಂತಾ?’ ಎನ್ನುತ್ತಿದ್ದರು. ‘ಇನ್ನೂ ಇಲ್ಲ’ ಎನ್ನುತ್ತಿದ್ದೆ.

ಬುಧವಾರ ಸಂಜೆಗೆ ಐವತ್ತೂ ಬೇರೆಯಾದವು. ನಲವತ್ತೆಂಟರಲ್ಲಿ ಚೀಟಿ ಇತ್ತು. ಮಾದೇವಿಯ ನಂಬರು ಅವುಗಳಲ್ಲಿ ಇರಲಿಲ್ಲ.

ಎರಡು ಬಿಲ್ಲೆಗಳ ಚೀಟಿ ಕಳಚಿ ಎಲ್ಲೋ ಹರಿದು ಹೋಗಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಡಾಕ್ಟರು ಮಾತ್ರ ರಿಜಿಸ್ಟರು ಎಳೆದುಕೊಂಡರು.

‘ಗುರುತು ಬೀಳದ ನಂಬರು ಎಷ್ಟು?’

‘ಎರಡು. ಒಂದು ಮಾದೇವಿದು. ಇನ್ನೊಂದು ಕರ್ಕಿಯ ಒಬ್ರ ಅಪೆಂಡಿಕ್ಸು.’

‘ಮತ್ತೆ ಅಳುದು ಎಂತಕ್ಕೆ? ಅಪೆಂಡಿಕ್ಸಿಗೂ ಸ್ತನಕ್ಕೂ ವ್ಯತ್ಯಾಸ ಹೇಳ್ಲಿಕ್ಕೆ ನಂಗೆ ಬರ್ತದೆ. ಎರಡನ್ನೂ ಹೊಸ ಮೇಣದಲ್ಲಿ ಕೂರ್ಸಿ ಕೊಯ್ದು ಕೊಡು.’

ಗುರುವಾರ ಬೆಳಿಗ್ಗೆ ಕೊಯ್ದೆ. ಮೇಣದ ಪಟ್ಟಿ ಬೆಚ್ಚನೆಯ ನೀರಿನ ಮೇಲೆ ಕೆನೆಯ ಹಾಗೆ ಹರಡಿತು, ಗಾಜಿಗೆ ಎತ್ತಿಕೊಂಡೆ, ಬಣ್ಣ ಹಾಕಿದೆ. ಡಾಕ್ಟರು ಮೊದಲನೆಯದನ್ನು ನೋಡಿ ‘ಅಪೆಂಡಿಕ್ಸ್’ ಎಂದು ಬದಿಗಿಟ್ಟರು. ಎರಡನೆಯದರ ಮೇಲೆ ತುಂಬ ಹೊತ್ತು ಕಣ್ಣಿಟ್ಟರು.

‘ಬಾ, ನೋಡು’ ಎಂದು ಜಾಗ ಬಿಟ್ಟರು. ಮಾದೇವಿಯ ಹಳೆಯ ಕ್ಯಾನ್ಸರ್, ಕೆಂಪು ನೀಲಿಯಾಗಿ, ಕೆಡದೆ ಕೂತಿತ್ತು. ಕ್ಯಾನ್ಸರನ್ನು ನೋಡಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಚೀಟಿ ಹೋದದ್ದು, ಉಳಿದೆಲ್ಲ ಲೆಕ್ಕ ಹಾಕಿ ಇದನ್ನು ಹಿಡಿದದ್ದು, ಯಾವುದನ್ನೂ ಮುಚ್ಚದೆ ಡಾಕ್ಟರು ಒಂದು ಪತ್ರ ಬರೆದರು. ಈಶ್ವರ ನಾಯ್ಕರು ಆ ಪತ್ರ ಮತ್ತು ಬಿಲ್ಲೆಯನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಮೇಲೆ ಕೈ ಒತ್ತಿ ಹಿಡಿದುಕೊಂಡು, ಅಂದೇ ಮಂಗಳೂರಿನ ರೈಲು ಹತ್ತಿದರು. ಡಾಕ್ಟರು ನನಗೆ ಬೈಯಬೇಕಾದದ್ದನ್ನು ಅಂದು ಮಧ್ಯಾಹ್ನ ಪೂರ್ತಿಯಾಗಿ ಬೈದರು. ನಾನು ಪೂರ್ತಿಯಾಗಿ ಕೇಳಿಸಿಕೊಂಡೆ.

ಮೊದಲೆಲ್ಲ ಹಳೆಯದು ಹೊಸದು ಎಂದು ಬರೀ ಆಕಾರ ನೋಡಿ ಹೇಳಬೇಕಿತ್ತು. ಈಗ ಬೇರೆ ಬಣ್ಣಗಳಿವೆ. ಸ್ತನದಿಂದ ಬಂದ ಜೀವಕೋಶ ಒಂದು ಬಣ್ಣಕ್ಕೆ ಒಪ್ಪುತ್ತದೆ, ಶ್ವಾಸಕೋಶದಲ್ಲಿ ಹುಟ್ಟಿದ್ದು ಇನ್ನೊಂದಕ್ಕೆ. ಮನುಷ್ಯರ ಮಾತು ಕೇಳಿ ಯಾವ ಊರ ಕಡೆಯವರು ಎಂದು ನಾವು ಹೇಳುವುದಿಲ್ಲವೇ, ಹಾಗೆ. ಮಂಗಳೂರಿನವರು ಎರಡೂ ತುಂಡುಗಳಿಗೆ ಎರಡೂ ಬಣ್ಣ ಹಾಕಿ, ಪಕ್ಕದಲ್ಲಿಟ್ಟು ನೋಡಿದರು.

ಮುಂದಿನ ಗುರುವಾರ ಗಂಡ ಹೆಂಡತಿ ಇಬ್ಬರೂ ಮಂಗಳೂರಿನಲ್ಲಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಲ್ಯಾಬಿನ ಫೋನು ಬಡಿಯಿತು. ಈಶ್ವರ ನಾಯ್ಕರ ದನಿ ಆಸ್ಪತ್ರೆಯ ಗದ್ದಲವನ್ನೂ ಮೀರಿ ಕಿವಿ ತೂತಾಗುವಷ್ಟು ಜೋರಾಗಿತ್ತು.

‘ಮೇಡಂ, ಹೊಸದೇ ಅಂತೆ! ಹಳೇದಲ್ಲ! ಬೇರೆ ಕ್ಯಾನ್ಸರ್ ಅಂತೆ!’

‘ಹೊಸದಾ? ನಿಜವಾಗಿಯೂ ಹೊಸದಾ?’ ಎಂದು ನಾನೂ ಕೂಗಿದೆ. ಕೌಂಟರಿನ ಮುಂದೆ ರಕ್ತ ಕೊಡಲು ನಿಂತಿದ್ದವರೆಲ್ಲ ನನ್ನನ್ನೇ ನೋಡಿದರು. ಹೊಸ ಕ್ಯಾನ್ಸರ್ ಬಂದಿದೆ ಎಂದು ಕೇಳಿ ಕುಣಿಯುವ ಹೆಂಗಸನ್ನು ಅವರು ಮೊದಲ ಸಲ ನೋಡಿದ್ದಿರಬೇಕು. ಫೋನಿನಲ್ಲಿ ಹಿಂದಿನಿಂದ ಮಾದೇವಿಯ ಮಾತು ಕೇಳಿಸಿತು. ‘ಸಾವಕಾಶ ಹೇಳಿ ಮಾರಾಯ್ರೇ, ಜನ ಎಂತ ತಿಳ್ಕಂತಾರೆ’ ಎನ್ನುತ್ತಿದ್ದಳು.

ಒಂದು ತಿಂಗಳೊಳಗೆ ಆಪರೇಶನ್ ಆಯಿತು. ಶ್ವಾಸಕೋಶದ ಒಂದು ಭಾಗ ತೆಗೆದರು.

ನಾನು ನಿವೃತ್ತಳಾಗುವ ಹಿಂದಿನ ವಾರ ಮಧ್ಯಾಹ್ನ, ಮೆಟ್ಟಿಲಲ್ಲಿ ಯಾರೋ ನಿಂತು ನಿಂತು ಹತ್ತುವ ಸದ್ದು ಕೇಳಿಸಿತು. ನಮ್ಮ ಲ್ಯಾಬು ಮೊದಲ ಮಹಡಿಯಲ್ಲಿದೆ. ಬಾಗಿಲಲ್ಲಿ ಮಾದೇವಿ, ಸೊರಗಿದ್ದಳು, ಏದುಸಿರು ಬಿಡುತ್ತಿದ್ದಳು. ಗಂಡ ಕೆಳಗೆ ಆಟೋ ನಿಲ್ಲಿಸುತ್ತಿದ್ದರಂತೆ.

‘ಕಾಯ್ಲೆ ಆದವ್ರು ಬರು ಜಾಗನ ಇಷ್ಟ್ ಎತ್ತರದಲ್ಲಿ ಯಾರು ಮಾಡದ್ರು ಅಕ್ಕೋರೆ? ಅವ್ರಿಗೆ ತಲೆ ಇಲ್ಲನಾ?’ ಎಂದು ಮೊದಲು ಜಗಳ ಶುರು ಮಾಡಿದಳು. ನಾನು ಅವಳ ಕೈ ಹಿಡಿದು ಕೂರಿಸಿ ನೀರು ಕೊಟ್ಟೆ. ಆ ಬೈಗುಳ ಕೇಳಿ ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ಬರುವುದಿಲ್ಲ.

ಕೆಲಸ ಮುಗಿಯಿತೆಂದು ಮಂಗಳೂರಿನವರು ಹಳೆಯ ಬಿಲ್ಲೆಯನ್ನು ವಾಪಸು ಕೊಟ್ಟಿದ್ದರು. ನಮ್ಮ ಡಾಕ್ಟರೂ ಒಮ್ಮೆ ನೋಡಲಿ ಎಂದು ಹೊಸದರದ್ದೂ ಒಂದನ್ನು ಜೊತೆಗೆ ಕಳಿಸಿದ್ದರು. ಅವಳು ಸೆರಗಿನ ಗಂಟಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಬಿಚ್ಚಿ ನನ್ನ ಮುಂದಿಟ್ಟಳು.

‘ಇದ್ರೊಳಗೆ ಎಂತ ಇದೆ ಅಂತ ಇವ್ರು ನೋಡುಕೇ ಬಿಡುದಿಲ್ಲ. ಹೆದರ್ತೆ ಅಂತ್ರು. ತೆಗ್ದು ತೋರ್ಸಿ.’

ಎರಡನ್ನೂ ಅವಳ ಅಂಗೈ ಮೇಲಿಟ್ಟೆ. ಮೇಣದ ನಡುವೆ ಕಡಲೆಬೇಳೆಯಷ್ಟು ಅಗಲದ ಒಂದು ತುಂಡು, ಪಕ್ಕದ್ದರಲ್ಲಿ ಅದಕ್ಕಿಂತ ತುಸು ದೊಡ್ಡದು. ‘ಇದು ಮೊದಲಿನದು, ಇದು ಆಮೇಲಿನದು’ ಎಂದೆ. ನೂರಾರು ಮಕ್ಕಳಿಗೆ ಅನ್ನ ಬಡಿಸಿದ ಆ ಕೈಯನ್ನು ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ, ಕಣ್ಣಿನ ಹತ್ತಿರ ತಂದು ನೋಡಿದಳು.

‘ಇಷ್ಟೇಯಾ?’ ಎಂದಳು.

ಅಷ್ಟರಲ್ಲಿ ಈಶ್ವರ ನಾಯ್ಕರು ಮೆಟ್ಟಿಲು ಹತ್ತಿ ಬಂದರು. ಅವಳು ಅಂಗೈ ಮುಚ್ಚದೆ ಹಾಗೇ ಅವರ ಮುಖದ ಮುಂದೆ ಹಿಡಿದ‍ಳು.

‘ನೋಡಿ ಮಾರಾಯ್ರೇ. ಹೆದರುಕೆ ಎಂತ ಇದೆ ಇದ್ರಲ್ಲಿ?’